ಎಂಜಿನ್ನಿನ ಅಂತರಗಂಗೆ

ಅಮರಕೋಶವು ನೀರಿಗೆ ಹೇಳುವ ಪರ್ಯಾಯನಾಮಗಳಲ್ಲಿ 'ಜೀವನ'ವೆಂಬುದೂ ಒಂದು. ಆ ಹೆಸರನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರು ಅನೇಕರು. ಅದರ ಅರ್ಥವನ್ನು ಒಂದು ಮೋಟಾರು ಗಾಡಿಯಿಂದ ಕಲಿತವರು ವಿರಳ. ರೋಣದ ಒಬ್ಬ ಹತ್ತಿಯ ಅಡತಿ ವ್ಯಾಪಾರಸ್ಥರಿಗೆ 1989ರ ಬೇಸಿಗೆಯಲ್ಲಿ ಅಂಥದೊಂದು ಪಾಠವಾಯಿತು. ಊರವರು ಅವರನ್ನು ಸಾವಕಾರರೆಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಅದೇ ಹೆಸರು ಸಲ್ಲುತ್ತದೆ.

ಸಾವಕಾರರ ಗಾಡಿ 1971ರ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಮಾದರಿಯನ್ನು ಅನುಸರಿಸಿ ಬಂಗಾಲದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ವಾಹನವು ಐವತ್ತರ ದಶಕದ ಕೊನೆಯಿಂದ 2014ರವರೆಗೆ, ಮೈಕಟ್ಟಿನಲ್ಲಿ ಹೆಚ್ಚಿನ ಬದಲಾವಣೆಯಿಲ್ಲದೆ, ಈ ದೇಶದ ಮಂತ್ರಿಗಳನ್ನೂ ಮದುವಣಿಗರನ್ನೂ ರೋಗಿಗಳನ್ನೂ ಸಮಭಾವದಿಂದ ಹೊತ್ತು ತಿರುಗಿತು. ಅದರ 1,489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನು ಅಡಿಯಿಂದ ತಲೆಯವರೆಗೆ ಬೀಡುಕಬ್ಬಿಣದ್ದು. ಬೀಡು ಗಟ್ಟಿ, ಭಾರ, ಸಹನಶೀಲ. ಆದರೆ ನೀರಿನೊಡನೆ ಬಹುಕಾಲ ಬಾಳಿದರೆ ತುಕ್ಕನ್ನು ಹಡೆಯದೆ ಇರದು.

ಈ ಗಾಡಿಯನ್ನು ಹದಿನಾಲ್ಕು ವರ್ಷಗಳಿಂದ ನಡೆಸುತ್ತಿದ್ದ ಚಾಲಕನು ನರೇಗಲ್ಲಿನವನು. ಮಿತಭಾಷಿ. ಗಾಡಿಯನ್ನು ಎತ್ತಿನಂತೆ ನೋಡಿಕೊಳ್ಳುತ್ತಿದ್ದನೆಂದು ನೆರೆಹೊರೆಯವರು ಹೇಳುತ್ತಿದ್ದರು. ಬೆಳಿಗ್ಗೆ ಬಾನೆಟ್ಟು ಎತ್ತುವುದು, ಎಣ್ಣೆಯ ಕಡ್ಡಿ ಒರೆಸಿ ನೋಡುವುದು, ರೇಡಿಯೇಟರಿಗೆ ನೀರು ತುಂಬುವುದು, ಅನಂತರವೇ ಚಹ ಕುಡಿಯುವುದು ಅವನ ನಿತ್ಯವಿಧಿಯಾಗಿತ್ತು.

ಆ ವರ್ಷದ ವೈಶಾಖದಲ್ಲಿ ಸಾವಕಾರರ ತಂಗಿಯ ಮಗಳ ಲಗ್ನವು ನರಗುಂದದಲ್ಲಿ ನಿಶ್ಚಯವಾಗಿತ್ತು. ಸೋದರಮಾವನೆಂದರೆ ಲಗ್ನದ ಮನೆಯಲ್ಲಿ ಸಾಮಾನ್ಯ ಅತಿಥಿಯಲ್ಲ. ಬೆಳಿಗ್ಗೆ ರೋಣವನ್ನು ಬಿಟ್ಟು, ಮೈಲಿಗಟ್ಟಲೆ ಎರೆಯ ಬಯಲಿನಲ್ಲಿ ಸಾಗಿ, ಬೆಣ್ಣೆಹಳ್ಳದ ಸಮೀಪಕ್ಕೆ ಬರುವಷ್ಟರಲ್ಲಿ ಬಾನೆಟ್ಟಿನ ಸಂದುಗಳಿಂದ ಹಬೆ ಏಳತೊಡಗಿತು. ಚಾಲಕನು ಗಾಡಿಯನ್ನು ಒಂದು ಬೇವಿನ ಮರದ ನೆರಳಿಗೆ ಸರಿಸಿ, ಎಂಜಿನ್ನನ್ನು ನಿಲ್ಲಿಸಿ, ಬಾನೆಟ್ಟನ್ನು ಎತ್ತಿ, ಸುಮ್ಮನೆ ನಿಂತುಬಿಟ್ಟನು. ಡಿಕ್ಕಿಯಲ್ಲಿ ಡಬ್ಬದ ತುಂಬ ನೀರಿತ್ತು. ಅದನ್ನು ಹಾಕದೆ ಅವನು ನಿಂತದ್ದನ್ನು ಕಂಡು ಸಾವಕಾರರ ಸಹನೆ ತಪ್ಪಿತು.

"ನೀರು ಹಾಕೋ, ಏನ್ ನೋಡ್ಕೋತ ನಿಂತಿ? ಅಕ್ಷತಾ ಹೊತ್ತಾತು!"

"ಸಾವ್ಕಾರ್ರ, ಸುಡೂ ಎಂಜಿನ್ನಿಗೆ ತಣ್ಣೀರು ಹೊಯ್ದರ ಬೀಡು ಸೀಳತೈತ್ರಿ. ಮುಚ್ಚಳಾ ತಗದರೂ ಮಾರಿ ಸುಡತೈತಿ. ಅರ್ಧಾ ತಾಸು ತಡೀರಿ."

ಆ ಅರ್ಧ ತಾಸು ಮುಕ್ಕಾಲು ತಾಸಾಯಿತು. ಅವರು ನರಗುಂದದ ಗುಡ್ಡದ ಅಡಿಗೆ ತಲುಪಿದಾಗ ವಾದ್ಯದ ಸದ್ದು ನಿಂತುಹೋಗಿತ್ತು. ಸೋದರಮಾವನಿಲ್ಲದೆಯೇ ಅಕ್ಷತೆ ಬಿದ್ದಿತ್ತು. ತಂಗಿ ಏನೂ ಅನ್ನಲಿಲ್ಲ. ಅನ್ನದೆ ಇದ್ದುದೇ ಸಾವಕಾರರಿಗೆ ತಾಳಲಾಗದೆ, ಹಂದರದ ಮುಂದೆ, ಬೀಗರೂ ಬಂಧುಗಳೂ ಕೇಳುವಂತೆ, ಅವರು ಚಾಲಕನ ಕಡೆಗೆ ತಿರುಗಿದರು: "ಮುಂಜಾನೆ ನೀರು ನೋಡಿಲ್ಲ ಇಂವಾ. ಹದಿನಾಕು ವರ್ಷ ಗಾಡಿ ಹೊಡದಾಂವಗ ಇಷ್ಟೂ ತಿಳೀಬಾರದಾ?" ಚಾಲಕನು "ತುಂಬ ಹಾಕಿದ್ದೇನ್ರಿ" ಎಂದಷ್ಟೇ ಹೇಳಿ ಹೊರಗೆ ಹೋದನು. ಆ ದಿನ ಅವನು ಊಟಕ್ಕೆ ಕೂಡಲಿಲ್ಲ.

ಇಲ್ಲಿ ಯಂತ್ರದ ವಿಷಯವನ್ನು ಒಂದಿಷ್ಟು ವಿವರಿಸುವುದು ಅವಶ್ಯ. ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಗಾಲಿಗಳನ್ನು ತಿರುಗಿಸಲು ಒದಗುವುದು ಸ್ಥೂಲವಾಗಿ ನಾಲ್ಕರಲ್ಲಿ ಒಂದು ಪಾಲು. ಉಳಿದುದರಲ್ಲಿ ಬಹುಪಾಲು ಹೊಗೆಯೊಡನೆ ಹೊರಟುಹೋಗುತ್ತದೆ, ಅಥವಾ ಎಂಜಿನ್ನಿನ ಮೈಗೆ ಏರುತ್ತದೆ. ಹಾಗೆ ಏರಿದ್ದನ್ನು ಇಳಿಸುವ ಹೊಣೆ ನೀರಿನದು. ಬ್ಲಾಕಿನ ಒಳಗೋಡೆಗಳ ನಡುವೆ ಸುತ್ತಿ ಬಿಸಿಯಾದ ನೀರು ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಇಳಿಯುತ್ತ ಗಾಳಿಗೆ ತಣ್ಣಗಾಗಿ ಮರಳುತ್ತದೆ. ಅದನ್ನು ತಳ್ಳುವುದು ಪಂಪು. ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಅದರೊಳಗಿನ ಸ್ಪ್ರಿಂಗು ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಒಂದೊಂದು ಪೌಂಡು ಒತ್ತಡಕ್ಕೂ ನೀರು ಕುದಿಯುವ ಬಿಂದುವು ಒಂದೂವರೆ ಡಿಗ್ರಿ ಸೆಲ್ಸಿಯಸ್ಸಿಗೂ ತುಸು ಹೆಚ್ಚು ಮೇಲೇರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ತೆರೆದರೆ ಆ ಒತ್ತಡ ಒಮ್ಮೆಲೇ ಬಿಟ್ಟು, ಅದುವರೆಗೆ ಸುಮ್ಮನಿದ್ದ ನೀರು ಕಾರಂಜಿಯಾಗಿ ಚಿಮ್ಮುತ್ತದೆ. ಚಾಲಕನು ಮರದ ಕೆಳಗೆ ಆಡಿದ ಎರಡು ಮಾತುಗಳೂ ಶಾಸ್ತ್ರಸಮ್ಮತವೇ ಆಗಿದ್ದವು. ಅವಸರದಲ್ಲಿದ್ದವರಿಗೆ ಶಾಸ್ತ್ರವು ಉದ್ಧಟತನವಾಗಿ ಕಂಡಿತು.

ನರಗುಂದದಲ್ಲಿಯೇ ಒಬ್ಬ ಮೆಕ್ಯಾನಿಕನು ಹಬೆಯ ಸಂಗತಿಯನ್ನು ಕೇಳಿದೊಡನೆ, ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ಟು ಹೋಗಿದೆ, ಹೆಡ್ಡು ಬಿಚ್ಚಲೇಬೇಕು ಎಂದು ತೀರ್ಪು ಕೊಟ್ಟನು. ಅದು ಅಸಂಭವವೇನಲ್ಲ, ಎಷ್ಟೋ ಗಾಡಿಗಳಲ್ಲಿ ಅದೇ ಕಾರಣವಿರುತ್ತದೆ. ಆದರೆ ನಾಡಿ ಹಿಡಿಯದೆ ಶಸ್ತ್ರವನ್ನು ಎತ್ತುವ ವೈದ್ಯನ ಮಾತಿನಂತೆ ಅದು ಸಾವಕಾರರಿಗೆ ತೋರಿತು. ಅವರು ಸಂಜೆಯ ತಂಪಿನಲ್ಲಿ ನಿಧಾನವಾಗಿ ರೋಣಕ್ಕೆ ಮರಳಿದರು. ಊರಿನಲ್ಲಿ ರೇಡಿಯೇಟರನ್ನು ಇಳಿಸಿ ಸಂಶಯ ಬಂದಲ್ಲೆಲ್ಲ ಬೆಸುಗೆ ಹಾಕಿಸಿದ್ದಾಯಿತು. ರಬ್ಬರಿನ ಹೋಸುಗಳನ್ನು ಬದಲಿಸಿದ್ದಾಯಿತು. ನೀರು ಮಾತ್ರ ಹೋಗುತ್ತಲೇ ಇತ್ತು. ಎಲ್ಲಿ ಹೋಗುತ್ತದೆಂದು ಯಾರಿಗೂ ಕಾಣಲಿಲ್ಲ; ನೆಲದ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಹನಿ ಬೀಳದೆ ನೀರು ಕಡಿಮೆಯಾದರೆ ಅದನ್ನು ಹಾಕಿಯೇ ಇಲ್ಲವೆಂಬುದೇ ಸುಲಭವಾದ ಊಹೆ. ಸಾವಕಾರರ ಮನಸ್ಸಿನಲ್ಲಿ ಆ ಊಹೆ ನೆಲೆಗೊಂಡಿತು.

ಅದನ್ನು ಬಲಪಡಿಸುವಂತೆ ಮತ್ತೊಂದು ಸಂಗತಿ ನಡೆಯಿತು. ಒಂದು ಬೆಳಿಗ್ಗೆ ಚಾಲಕನ ಬೆರಳುಗಳು ಹಳದಿಯಾಗಿದ್ದುದನ್ನು ಅವರು ಕಂಡರು. ವಿಚಾರಿಸಲಾಗಿ, ಅವನು ರೇಡಿಯೇಟರಿಗೆ ಅರಿಶಿನದ ಪುಡಿಯನ್ನು ಹಾಕಿದ್ದನು. ಇದು ಲಾರಿ ಚಾಲಕರಲ್ಲಿ ರೂಢಿಯಲ್ಲಿರುವ ದಾರಿಯ ಮದ್ದು: ಪುಡಿಯು ನೀರಿನೊಡನೆ ಸುತ್ತಿ ಸಣ್ಣ ರಂಧ್ರಕ್ಕೆ ಸಿಕ್ಕಿಕೊಂಡು ತಾತ್ಕಾಲಿಕವಾಗಿ ಅದನ್ನು ಮುಚ್ಚುತ್ತದೆ. ಆದರೆ ಅದಕ್ಕೆ ರಂಧ್ರಾರಂಧ್ರ ವಿವೇಕವಿಲ್ಲ. ರೇಡಿಯೇಟರಿನ ನಳಿಗೆಗಳನ್ನೂ ಕಟ್ಟಿಬಿಡುತ್ತದೆ. ಆಪದ್ಧರ್ಮವಾಗಿ ಒಪ್ಪಬಹುದಾದದ್ದೇ ಹೊರತು ಮಾಡತಕ್ಕದ್ದಲ್ಲ. "ತಪ್ಪು ಮುಚ್ಚಾಕ ಅರಿಶಿಣ ಹಾಕೀ ಏನು?" ಎಂದರು ಸಾವಕಾರರು. ಚಾಲಕನು ಸ್ವಲ್ಪ ಹೊತ್ತು ಸುಮ್ಮನಿದ್ದು, ಗಾಡಿಯನ್ನು ಒಮ್ಮೆ ಗಜೇಂದ್ರಗಡದ ಮಿಸ್ತ್ರಿಗೆ ತೋರಿಸೋಣವೆಂದೂ, ಅಲ್ಲಿಂದ ಬಂದ ಮೇಲೆ ಕೀಲಿಕೈ ಒಪ್ಪಿಸಿ ತಾನು ಊರಿಗೆ ಹೋಗುವೆನೆಂದೂ ಹೇಳಿದನು.

ಗಜೇಂದ್ರಗಡವು ಆಗ ರೋಣ ತಾಲೂಕಿಗೆ ಸೇರಿದ ಊರು. ಅದರ ಸಮೀಪದ ಗುಡ್ಡದಲ್ಲಿರುವ ಕಾಲಕಾಲೇಶ್ವರನ ಸನ್ನಿಧಿಯನ್ನು ನೋಡದವರು ಈ ಭಾಗದಲ್ಲಿ ಕಡಿಮೆ. ಅಲ್ಲಿಯ ಅಂತರಗಂಗೆಯು ವರ್ಷವಿಡೀ ಹರಿಯುತ್ತದೆ. ಸುತ್ತಲಿನ ಬಯಲು ಬಾಯಾರಿ ಬಿರಿದಿರುವಾಗಲೂ ಎಲ್ಲಿಂದಲೋ ನೀರು ಬರುತ್ತದೆ. ಬರುವ ದಾರಿ ಕಾಣದು. ಸಾವಕಾರರ ಗಾಡಿಯಲ್ಲಿ ಅದಕ್ಕೆ ವಿಪರೀತ: ನೀರು ಎಲ್ಲಿಗೋ ಹೋಗುತ್ತಿತ್ತು, ಹೋಗುವ ದಾರಿ ಕಾಣದು.

ಮಿಸ್ತ್ರಿಯು ವೃದ್ಧ. ಅವನ ಗ್ಯಾರೇಜೆಂದರೆ ಒಂದು ತಗಡಿನ ಚಪ್ಪರ, ಒಂದು ಹಲಗೆ, ಗೋಡೆಗೆ ತೂಗಿಬಿಟ್ಟ ಪಾನಾಗಳು. ಅವನು ಬಾನೆಟ್ಟಿಗೆ ಕೈ ಹಾಕಲಿಲ್ಲ. ಮೊದಲು ಚಾಲಕನನ್ನು ಕೂಡಿಸಿಕೊಂಡು, "ಎಷ್ಟು ದೂರಕ್ಕ ಎಷ್ಟು ನೀರು ಹೋಗತೈತಿ?" ಎಂದು ಕೇಳಿದನು.

"ರೋಣದಿಂದ ನರೇಗಲ್ಲಿಗೆ ಒಂದು ತಂಬಿಗಿ. ಊರಾಗ ತಿರುಗಿದರ ಏನೂ ಹೋಗಂಗಿಲ್ಲ. ರಾತ್ರಿ ನಿಂತಲ್ಲಿ ಗಾಡಿ ಕೆಳಗ ಪೇಪರ್ ಹಾಸಿ ನೋಡೀನಿ, ತೊಯ್ಯಂಗಿಲ್ಲ."

ಹಲಗೆಯ ಮೇಲೆ ಕುಳಿತಿದ್ದ ಸಾವಕಾರರು ತಲೆಯೆತ್ತಿ ನೋಡಿದರು. ತಂಬಿಗೆಯ ಲೆಕ್ಕ ಇಟ್ಟವನು ನೀರನ್ನೇ ಹಾಕದವನಾಗಿರಲಾರನೆಂಬುದು ಅವರಿಗೆ ಆಗಲೇ ಹೊಳೆದಿರಬೇಕು. ಆದರೆ ಅವರು ಏನೂ ಹೇಳಲಿಲ್ಲ. ಮಿಸ್ತ್ರಿಗೆ ಮಾತ್ರ ಆ ಉತ್ತರದಿಂದ ಅರ್ಧ ಕೆಲಸ ಮುಗಿದಿತ್ತು. ತಣ್ಣಗಿದ್ದಾಗ ಸೋರುವುದಿಲ್ಲ, ಬಿಸಿಯೇರಿ ಒತ್ತಡ ಬಂದಾಗ ಮಾತ್ರ ಸೋರುತ್ತದೆ, ಸೋರಿದ್ದು ನೆಲಕ್ಕೆ ಬೀಳುವ ಮೊದಲೇ ಬೀಡಿನ ಕಾವಿಗೆ ಆರಿಹೋಗುತ್ತದೆ.

ಇನ್ನು ಗ್ಯಾಸ್ಕೆಟ್ಟಿನ ಮೇಲಿನ ಆರೋಪ. ಅದು ಸೀಳಿದ್ದರೆ ನೀರು ಸಿಲಿಂಡರಿಗೋ ಎಣ್ಣೆಗೋ ಇಳಿಯಬೇಕು. ಮಿಸ್ತ್ರಿಯು ಎಣ್ಣೆಯ ಕಡ್ಡಿಯನ್ನು ಎಳೆದು ಬಿಸಿಲಿಗೆ ಹಿಡಿದನು: ನೀರು ಕೂಡಿದ್ದರೆ ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ, ಅದು ಕಪ್ಪಾಗಿ ಸ್ವಚ್ಛವಾಗಿತ್ತು. ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಸಾಲಾಗಿ ಇಟ್ಟನು: ನೀರು ಬೀಳುವ ಸಿಲಿಂಡರಿನ ಪ್ಲಗ್ಗು ತೊಳೆದಂತೆ ಬೇರೆಯಾಗಿ ಕಾಣುತ್ತದೆ, ನಾಲ್ಕೂ ಒಂದೇ ಕಂದುಬಣ್ಣದಲ್ಲಿದ್ದವು. ಪ್ಲಗ್ಗುಗಳನ್ನು ಮತ್ತೆ ಹಾಕಿ, ತಣ್ಣಗಿದ್ದಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ನನ್ನು ಚಾಲೂ ಮಾಡಿಸಿದನು: ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದ್ದರೆ ಗುಳ್ಳೆಗಳ ಸಾಲು ಏಳುತ್ತದೆ, ನೀರು ಶಾಂತವಾಗಿತ್ತು. "ಹೆಡ್ಡಿನ ತಪ್ಪಿಲ್ಲ" ಎಂದು ಅವನು ಅದನ್ನು ಆರೋಪಮುಕ್ತಗೊಳಿಸಿದನು.

ಅನಂತರ ಪಂಪಿನ ಸರದಿ. ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಸವೆದಾಗ ನೀರು ಅಲ್ಲಿಂದ ಜಿನುಗಿ ಸುದ್ದಿ ಕೊಡುತ್ತದೆ. ಅದು ಒಣಗಿತ್ತು. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಮಿಸ್ತ್ರಿಯು ಕಣ್ಣು ಮುಚ್ಚಿ ಆಲಿಸಿದನು. ಯಂತ್ರವನ್ನು ಹೀಗೆ ಕಿವಿಯಿಂದ ನೋಡುವುದೂ ಒಂದು ನಾದವಿದ್ಯೆಯೇ. 1922ರಲ್ಲಿ ರೋಣದಲ್ಲಿ ಜನಿಸಿ, 2008ರಲ್ಲಿ ಭಾರತರತ್ನಕ್ಕೆ ಪಾತ್ರರಾಗಿ, 2011ರಲ್ಲಿ ಪುಣೆಯಲ್ಲಿ ಕಾಲವಾದ ಪಂಡಿತ ಭೀಮಸೇನ ಜೋಶಿಯವರಿಗೆ ಸಂಗೀತವನ್ನು ಬಿಟ್ಟರೆ ಮೋಟಾರುಗಳಲ್ಲಿ ಅತಿಶಯ ಪ್ರೀತಿ. ಅವುಗಳ ಯಂತ್ರದ ಮರ್ಮವೂ ಅವರಿಗೆ ಚೆನ್ನಾಗಿ ತಿಳಿದಿತ್ತು. ಶ್ರುತಿಯ ಒಂದು ಎಳೆ ತಪ್ಪಿದರೂ ಸಹಿಸದ ಕಿವಿಗೆ ಎಂಜಿನ್ನಿನ ಅಪಸ್ವರ ತಿಳಿಯದೆ ಹೋದೀತೆ? ಗಜೇಂದ್ರಗಡದ ಮಿಸ್ತ್ರಿಗೆ ಸಂಗೀತ ಬರುತ್ತಿತ್ತೋ ಇಲ್ಲವೋ, ಪಂಪಿನ ಬೇರಿಂಗು ಸುಸ್ವರದಲ್ಲಿದೆಯೆಂದು ಅವನು ತಲೆದೂಗಿದನು.

ಉಳಿದದ್ದು ಒತ್ತಡದ ಪರೀಕ್ಷೆ. ದೊಡ್ಡ ವರ್ಕ್‌ಶಾಪುಗಳಲ್ಲಿ ಅದಕ್ಕೆ ಬೇರೆಯೇ ಉಪಕರಣವುಂಟು. ಮಿಸ್ತ್ರಿಯದು ಸ್ವಯಂಕೃತ: ಹಳೆಯ ರೇಡಿಯೇಟರ್ ಮುಚ್ಚಳವೊಂದಕ್ಕೆ ಸೈಕಲ್ ಟ್ಯೂಬಿನ ವಾಲ್ವನ್ನು ಬೆಸೆದಿದ್ದನು. ಅದನ್ನು ತಿರುವಿ, ಮುಳ್ಳಿರುವ ಕಾಲುಪಂಪಿನಿಂದ ಮೆಲ್ಲನೆ ಗಾಳಿ ತುಂಬಿದನು. ಹೆಚ್ಚು ತುಂಬಿದರೆ ಗಟ್ಟಿಯಿದ್ದ ಕಡೆಯೂ ಒಡೆಯುವುದರಿಂದ ಅವನ ಕಣ್ಣು ಮುಳ್ಳಿನ ಮೇಲೆಯೇ ಇತ್ತು. ಮುಳ್ಳು ನಿಂತಲ್ಲಿಯೇ ನಿಂತಿತು. ತಣ್ಣನೆಯ ಎಂಜಿನ್ನು ಗುಟ್ಟು ಬಿಡಲಿಲ್ಲ. ಆಗ ಅವನು ಮಾಮೂಲಿ ಮುಚ್ಚಳವನ್ನು ಹಾಕಿಸಿ, ಚಾಲಕನನ್ನೂ ಸಾವಕಾರರನ್ನೂ ಕೂಡಿಸಿಕೊಂಡು ಕಾಲಕಾಲೇಶ್ವರದ ಕಡೆಗೆ ಗಾಡಿಯನ್ನು ಓಡಿಸಿಕೊಂಡು ಬರುವಂತೆ ಹೇಳಿದನು. ಮರಳಿ ಬಂದೊಡನೆ, ಕಾವು ಇನ್ನೂ ಹಾಗೆಯೇ ಇರುವಾಗ, ಕ್ಷೌರದ ಒಂದು ಚಿಕ್ಕ ಕನ್ನಡಿಯನ್ನೂ ಬ್ಯಾಟರಿ ದೀಪವನ್ನೂ ಹಿಡಿದು ಬ್ಲಾಕಿನ ಪಕ್ಕದ ಕತ್ತಲೆಯಲ್ಲಿ, ಕೈಗಿಂತ ಮೊದಲು ಕನ್ನಡಿಯೇ ಹೋಗಬೇಕಾದ ಸಂದಿನಲ್ಲಿ ಹುಡುಕತೊಡಗಿದನು.

ಅಲ್ಲಿ ಸಿಕ್ಕಿತು. ಗ್ಯಾರೇಜಿನವರು 'ಡಮ್ಮಿ' ಎನ್ನುವ, ಬಟ್ಟಲಿನಾಕಾರದ ಒಂದು ತಗಡಿನ ಬಿಲ್ಲೆಯ ಕೆಳಗೆ ಬೆಳ್ಳನೆಯ ಉಪ್ಪಿನ ಗೆರೆ. ಅದರ ನಡುವೆ ಕೆಂಪು ಛಾಯೆ.

ಈ ಡಮ್ಮಿಗಳ ಹುಟ್ಟು ಸ್ವಾರಸ್ಯವಾದುದು. ಬ್ಲಾಕನ್ನು ಎರಕ ಹೊಯ್ಯುವಾಗ ಒಳಗೆ ನೀರಿನ ದಾರಿಗಳು ಟೊಳ್ಳಾಗಿ ಉಳಿಯಬೇಕಷ್ಟೆ? ಅದಕ್ಕಾಗಿ ಮರಳಿನ ತಿರುಳನ್ನು ಇಟ್ಟು ಸುತ್ತಲೂ ಕಾದ ಬೀಡನ್ನು ಹೊಯ್ಯುತ್ತಾರೆ. ಬೀಡು ಆರಿದ ಬಳಿಕ ಆ ಮರಳನ್ನು ಹೊರಗೆ ತೆಗೆಯಲು ಪಕ್ಕದಲ್ಲಿ ತೂತುಗಳಿರಬೇಕು. ತೆಗೆದ ಮೇಲೆ ಅವನ್ನು ಮುಚ್ಚಬೇಕು. ಶೀತದೇಶಗಳಲ್ಲಿ ನೀರು ಹೆಪ್ಪುಗಟ್ಟಿದಾಗ ಬ್ಲಾಕು ಒಡೆಯದಿರಲೆಂದೇ ಇವನ್ನು ಇಟ್ಟಿರುವರೆಂದು ಹಲವರು ಹೇಳುವುದುಂಟು. ಅದು ಆಮೇಲೆ ಹಚ್ಚಿದ ಅರ್ಥ. ಮೂಲದಲ್ಲಿ ಇವು ಎರಕದವರ ಹೊಕ್ಕುಳು. ಬ್ಲಾಕಿನ ಗೋಡೆ ದಪ್ಪ, ಡಮ್ಮಿಯ ತಗಡು ತೆಳು. ತುಕ್ಕು ಒಳಗಿನಿಂದ ತಿನ್ನುತ್ತ ಬಂದಾಗ ಮೊದಲು ಸೋಲುವುದು ಇದೇ.

"ತುಕ್ಕಿನ ಬಣ್ಣಲ್ಲೇನು ಅದು?" ಎಂದರು ಸಾವಕಾರರು. ಮಿಸ್ತ್ರಿಯು ಉತ್ತರ ಕೊಡಲಿಲ್ಲ. ಎದುರಿನ ಚಹದಂಗಡಿಯಿಂದ ಅರ್ಧ ನಿಂಬೆಹಣ್ಣನ್ನು ತರಿಸಿ, ಬಟ್ಟೆಯ ತುದಿಗೆ ಹಿಂಡಿ, ಆ ಗೆರೆಯನ್ನು ಒರೆಸಿ ಹೊರಗೆ ತೆಗೆದು ತೋರಿಸಿದನು. ಬಟ್ಟೆಯ ಮೇಲೆ ಕೆಂಪು ಹೋಗಿ ಅಚ್ಚ ಹಳದಿ ಮೂಡಿತ್ತು. ತುಕ್ಕಾಗಿದ್ದರೆ ಹಳದಿಯಾಗುತ್ತಿರಲಿಲ್ಲ. ಅರಿಶಿನಕ್ಕೆ ಸುಣ್ಣ ಕೂಡಿದರೆ ಓಕುಳಿಯಾಗುವುದನ್ನು ಪ್ರತಿಯೊಂದು ಮನೆಯ ಹೆಣ್ಣುಮಕ್ಕಳೂ ಬಲ್ಲರು. ಹುಳಿ ಬಿದ್ದರೆ ಅದು ಮತ್ತೆ ಹಳದಿಗೆ ತಿರುಗುತ್ತದೆ. ಸವಳು ನೀರಿನ ಕ್ಷಾರವು ಬಿಸಿ ಬೀಡಿನ ಮೇಲೆ ಬತ್ತಿ ಗಟ್ಟಿಯಾಗಿ ಅರಿಶಿನವನ್ನು ಕೆಂಪಾಗಿಸಿತ್ತು. ಈಗಿನ ವರ್ಕ್‌ಶಾಪುಗಳಲ್ಲಿ ಸೋರಿಕೆಯನ್ನು ಹುಡುಕಲು ಹೊಳೆಯುವ ಬಣ್ಣವನ್ನು ನೀರಿನಲ್ಲಿ ಬೆರೆಸಿ ವಿಶೇಷ ದೀಪದಿಂದ ನೋಡುತ್ತಾರೆ. ಅಂದು ಆ ಕೆಲಸವನ್ನು ಚಾಲಕನು ಸಂಕೋಚದಿಂದ ಹಾಕಿದ್ದ ಒಂದು ಹಿಡಿ ಅರಿಶಿನ ಮಾಡಿತ್ತು. ಅದು ರಂಧ್ರವನ್ನು ಮುಚ್ಚಲಿಲ್ಲ, ತೋರಿಸಿತು.

ಎಂಜಿನ್ನು ಆರಿದ ಮೇಲೆ ನೀರನ್ನು ಇಳಿಸಿ, ಮಿಸ್ತ್ರಿಯು ಚಾಣವನ್ನು ಡಮ್ಮಿಗೆ ಇಟ್ಟು ಹಗುರವಾಗಿ ತಟ್ಟಿದನು. ತಗಡು ಹಪ್ಪಳದಂತೆ ಒಡೆದು, ಹಿಂದಿನಿಂದ ಹಳದಿ ಮಿಶ್ರಿತ ಕೆಂಪು ಕೆಸರು ಜಾರಿ ಬಂದಿತು. ಬೆರಳಿನಿಂದ ಅದನ್ನು ತೆಗೆದು ತಿಕ್ಕಿ ನೋಡಿ, ಮೊದಲ ಸಲ ಅವನು ಗಂಭೀರನಾಗಿ ಕೇಳಿದನು: "ಯಾವ ನೀರು ಹಾಕತೀರಿ ಗಾಡಿಗೆ?"

ಚಾಲಕನು ನೆಲವನ್ನು ನೋಡುತ್ತ ನಿಂತನು. ಉತ್ತರ ಅವನಿಗೆ ಗೊತ್ತಿರಲಿಲ್ಲವೆಂದಲ್ಲ.

ರೋಣ, ನರಗುಂದಗಳ ಎರೆಯ ಸೀಮೆಯಲ್ಲಿ ನೀರೆಂದರೆ ಎರಡು ಜಾತಿ. ಭಾವಿಯದು ಸವಳು, ಬಳಸಲಿಕ್ಕೆ. ಮಳೆಯಿಂದ ತುಂಬುವ ಕೆರೆಯದು ಸಿಹಿ, ಕುಡಿಯಲಿಕ್ಕೆ. ಕೆರೆಗೆ ಕಾಲು ತೊಳೆದು ಇಳಿಯುವ ಮರ್ಯಾದೆಯನ್ನು ಮಕ್ಕಳಿಗೂ ಕಲಿಸುತ್ತಿದ್ದರು. ಮಲಪ್ರಭೆಯ ಕಾಲುವೆ ಬಂದ ಮೇಲೂ ಈ ಭಾಗದಲ್ಲಿ ನೀರು ಸಣ್ಣ ಮಾತಾಗಲಿಲ್ಲ. ಆ ಕಾಲುವೆಯ ಕರದ ಸಲುವಾಗಿಯೇ 1980ರ ಜುಲೈಯಲ್ಲಿ ನರಗುಂದದಲ್ಲಿ ರೈತರು ಎದ್ದುನಿಂತರು, ಪ್ರಾಣಗಳೂ ಹೋದವು. ಇಂಥ ಸೀಮೆಯಲ್ಲಿ ಗಾಡಿಗೆ ಸಿಹಿನೀರು ಹೊಯ್ಯುವುದು ಒಬ್ಬ ಮಿತವ್ಯಯದ ಗೃಹಸ್ಥನಿಗೆ ಅಪವ್ಯಯವಾಗಿ ಕಂಡರೆ ಅದನ್ನು ಸರಳವಾಗಿ ತಪ್ಪೆನ್ನಲಾಗದು.

ಸಾವಕಾರರು ಹಲಗೆಯಿಂದ ಎದ್ದರು. "ಭಾವಿ ನೀರು" ಎಂದರು. ತುಸು ತಡೆದು, "ಅಂವಾ ಮೊದಲ ವರ್ಷ ಕೆರಿ ನೀರು ಹಾಕತಿದ್ದ. ಕುಡಿಯೋ ನೀರು ಗಾಡಿಗೆ ಯಾಕಂತ ನಾನ ಬಿಡಿಸಿದೆ" ಎಂದು ಸೇರಿಸಿದರು.

ಮಿಸ್ತ್ರಿಯು ಆ ಮಾತಿಗೆ ಏನನ್ನೂ ಕೂಡಿಸಲಿಲ್ಲ. ಬ್ಲಾಕನ್ನೂ ರೇಡಿಯೇಟರನ್ನೂ ಕೆಸರು, ಅರಿಶಿನ ಹೋಗಿ ತಿಳಿನೀರು ಬರುವವರೆಗೆ ತೊಳೆದನು. ತೂತಿನ ಅಂಚನ್ನು ಹೊಳೆಯುವಂತೆ ತಿಕ್ಕಿ, ಶೆಲಾಕ್ ಹಚ್ಚಿ, ತುಕ್ಕು ಹಿಡಿಯದ ಹಿತ್ತಾಳೆಯ ಡಮ್ಮಿಯನ್ನು ಸಮನಾಗಿ ಬಡಿದು ಕೂಡಿಸಿದನು. ಒಂದು ಹೋಗಿದ್ದರೆ ಅದರ ಜೊತೆಗಾರರೂ ದೂರವಿಲ್ಲವೆಂದು ಕೈಗೆ ಸಿಗುವ ಉಳಿದವನ್ನೂ ಬದಲಿಸಿದನು. ತುಕ್ಕು ತಡೆಯುವ ದ್ರವ ಸಿಕ್ಕರೆ ಬೆರೆಸಿರಿ, ಸಿಗದಿದ್ದರೆ ಮಳೆಯ ನೀರಾದರೂ ಇರಲಿ ಎಂದನು. ಆ ದ್ರವವು ಸಿಹಿಯಾದ ವಿಷ, ನಾಯಿ ಬೆಕ್ಕುಗಳು ನೆಕ್ಕದಂತೆ ಇಡಬೇಕೆಂಬುದನ್ನೂ ಮರೆಯದೆ ಹೇಳಿದನು.

ಮರಳುವಾಗ ನರೇಗಲ್ಲಿನಲ್ಲಿ ಗಾಡಿ ನಿಂತಿತು. ಕಾವು ಆರುವವರೆಗೆ ಈ ಸಲ ಸಾವಕಾರರೇ ತಡೆದರು. ಮುಚ್ಚಳ ತೆಗೆದಾಗ ನೀರು ಹಾಕಿದ ಮಟ್ಟದಲ್ಲಿಯೇ ಇತ್ತು. ರೋಣಕ್ಕೆ ಬಂದ ಮೇಲೆ ಚಾಲಕನು ಆಡಿದ ಮಾತಿನಂತೆ ಕೀಲಿಕೈಯನ್ನು ಗಾದಿಯ ಅಂಚಿಗೆ ಇಟ್ಟು, ನಮಸ್ಕಾರ ಮಾಡಿ, ನರೇಗಲ್ಲಿನ ಬಸ್ಸು ಹತ್ತಿದನು. ಸಾವಕಾರರು ಕೀಲಿಕೈಯನ್ನು ಎತ್ತಿ ಪೆಟ್ಟಿಗೆಯಲ್ಲಿ ಇಡಲಿಲ್ಲ. ಮೂರು ದಿನ ಅದು ಲೆಕ್ಕದ ಪುಸ್ತಕದ ಪಕ್ಕದಲ್ಲಿ ಹಾಗೆಯೇ ಬಿದ್ದಿತ್ತು. ಅಂಗಡಿಯ ಗುಮಾಸ್ತನೂ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಅವರು ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಗಾಡಿ ಮನೆಯ ಮುಂದೆ ನಿಂತಿರಲು, ತಾವೂ ಬಸ್ಸಿನಲ್ಲಿಯೇ ನರೇಗಲ್ಲಿಗೆ ಹೋದರು. ಅಲ್ಲಿ ಚಾಲಕನ ಮನೆಯ ಕಟ್ಟೆಯ ಮೇಲೆ ಏನು ಮಾತಾಯಿತೆಂಬುದನ್ನು ಇಬ್ಬರೂ ಯಾರಿಗೂ ಹೇಳಲಿಲ್ಲ.

ಮರುದಿನ ನಸುಕಿನಲ್ಲಿ ಚಾಲಕನು ರೋಣಕ್ಕೆ ಬಂದಾಗ, ಸಾವಕಾರರು ಕೆರೆಯ ನೀರಿನ ತಾಮ್ರದ ಕೊಡವನ್ನು ಹಿಡಿದು ತೆರೆದ ಬಾನೆಟ್ಟಿನ ಮುಂದೆ ನಿಂತಿದ್ದರು. ಮುಚ್ಚಳವನ್ನು ಯಾವ ಕಡೆಗೆ ತಿರುವಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಚಾಲಕನು ಕೈಚೀಲವನ್ನು ಕೆಳಗಿಟ್ಟು ಅದನ್ನು ತೆಗೆದುಕೊಟ್ಟನು.

"ಎಷ್ಟು ಹಾಕಲಿ?"

"ಕುತ್ತಿಗಿ ಮಟ ಸಾಕ್ರಿ."

ಅಂದೇ ಅವರು ಮುಯ್ಯದ ಸೀರೆ ಕುಬಸ ತೆಗೆದುಕೊಂಡು ತಂಗಿಯ ಮನೆಗೆ, ನರಗುಂದಕ್ಕೆ ಹೊರಟರು.